ಪಡ್ಡಿನ ಹಂಚು ಮತ್ತು ದೊಡ್ಡ ಮೋಟಾರು

ಅವತ್ತು ಊಟವಾದ ಮೇಲೆ ನನ್ನ ಗಂಡ ನಮ್ಮ ಮನೆಯ ಕಟ್ಟೆಯ ಮೇಲೆ ಹಳೆಯ ಧೋತರದ ತುಂಡು ಹಾಸಿಕೊಂಡು ಕುಳಿತಿದ್ದರು. ಮುಂದೆ ಸೀಮೆಎಣ್ಣೆಯ ಬೋಗುಣಿ ಇತ್ತು. ಅದರಲ್ಲಿ ಸಾವ್ಕಾರರ ಮೋಟಾರು ಗಾಡಿಯ ವಾಲ್ವುಗಳು ನೆನೆಯುತ್ತಿದ್ದವು. ಒಂದೊಂದನ್ನೇ ಎತ್ತಿ, ಮುರಿದ ಗರಗಸದ ತುಂಡಿನಿಂದ ಮಸಿ ಕೆರೆದು, ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡುತ್ತಿದ್ದರು. ನೋಡಿ ಸಮಾಧಾನವಾದರೆ ಅದನ್ನು ತಲೆಕೆಳಗಾಗಿ ನನ್ನ ಪಡ್ಡಿನ ಹಂಚಿನ ಗುಳಿಯಲ್ಲಿ ನಿಲ್ಲಿಸುತ್ತಿದ್ದರು.

ಆ ಹಂಚಿಗೆ ಸುತ್ತ ಆರು ಗುಳಿ, ನಡುವೆ ಒಂದು. ಮೋಟಾರಿಗೂ ಆರು ಸಿಲಿಂಡರು. ಹಿಡಿಕೆಯ ಪಕ್ಕದ ಗುಳಿ ಒಂದನೆಯದು, ಅಲ್ಲಿಂದ ಸುತ್ತು ಬಂದರೆ ಆರನೆಯದು. ನಡುವಿನ ಗುಳಿಯಲ್ಲಿ ಸಣ್ಣ ಪಿನ್ನುಗಳು. ಯಾವ ಸಿಲಿಂಡರಿನಿಂದ ಬಿಚ್ಚಿದ್ದೋ ಆ ವಾಲ್ವು ತಿರುಗಿ ಅದಕ್ಕೇ ಹೋಗಬೇಕು, ವರ್ಷಗಟ್ಟಲೆ ಒಂದೇ ಬಾಯಿಗೆ ಬಡಿದು ಬಡಿದು ಅದಕ್ಕೆ ಹೊಂದಿಕೊಂಡಿರುತ್ತದೆ, ಅದಲುಬದಲಾದರೆ ಗಾಡಿಯ ಉಸಿರು ಸೋರಿಹೋಗುತ್ತದೆ ಎಂದು ಅವರು ನನಗೆ ಬಿಡಿಸಿ ಹೇಳಿದ್ದರು. ನನಗೆ ಬೇಕಾಗಿದ್ದದ್ದು ನನ್ನ ಹಂಚು. ಯಾವಾಗ ಕೊಡುತ್ತೀರೆಂದು ಕೇಳಿದೆ. ಮದರಾಸಿನಿಂದ ಗ್ಯಾಸ್ಕೆಟ್ಟು ಎಂಬ ತಾಮ್ರದ ತಗಡು ರೈಲಿನಲ್ಲಿ ಬರಬೇಕು, ಅದು ಬಂದ ಕೂಡಲೇ ಎಲ್ಲ ಜೋಡಿಸಿಬಿಡುತ್ತೇನೆ ಎಂದರು.

ಬಾಗಿಲಲ್ಲಿ ಕುಳಿತು ಬತ್ತಿ ಹೊಸೆಯುತ್ತಿದ್ದ ಅತ್ತೆ ಸುಮ್ಮನಿರಲಿಲ್ಲ.

“ನಿನ್ನ ಸವತಿಗೆ ಪಡ್ಡು ಹಾಕಾಕತ್ಯಾನ ನೋಡವ್ವ ನನ್ನ ಮಗ. ನೀನು ಹೋಗಿ ಚಟ್ನಿ ಅರಿ.”

ಅವರು ನಕ್ಕರು. ನನಗೆ ನಗು ಬರಲಿಲ್ಲ. ಅದನ್ನು ಕಂಡು ಅವರು ಕೈ ಒರೆಸಿಕೊಂಡು, ಅತ್ತೆಗೆ ಕೇಳಿಸದ ಹಾಗೆ ಹೇಳಿದರು.

“ಎಲ್ಲಾ ಕೂಡಿಸಿದ ಮ್ಯಾಲೆ ಟ್ರಯಲ್ ನೋಡಬೇಕು. ಅವತ್ತು ಗಾಡ್ಯಾಗ ಸಾವ್ಕಾರ್ರು ಇರಂಗಿಲ್ಲ. ಸಂಡೂರು ದಾರಿ ಹಿಡಿದು ಗುಡ್ಡದ ತನಕ ಹೋಗಿ ಬರೋಣು. ಮುಂದಿನ ಸೀಟಿನ್ಯಾಗ ನೀನು ಕುಂದ್ರು.”

ಮದುವೆಯಾಗಿ ಬಂದಾಗಿನಿಂದ ನಾನು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಸಾವ್ಕಾರರ ಗಾಡಿಯಲ್ಲಿ ಡ್ರೈವರನು ತನ್ನ ಹೆಂಡತಿಯನ್ನು ಕೂರಿಸಿಕೊಂಡು ತಿರುಗಿದನೆಂದು ಹೊಸಪೇಟೆಯ ಬಜಾರಿನಲ್ಲಿ ಮಾತಾಗಬಾರದೆಂದು ಅವರು ಪ್ರತಿ ಸಲ ತಳ್ಳಿಹಾಕುತ್ತಿದ್ದರು. ಟ್ರಯಲ್‌ನ ದಿನದ ಮಾತು ಬೇರೆ. ಅವತ್ತು ಗಾಡಿ ರಿಪೇರಿ ಮಾಡಿದವನದು. ನಾನು ಚಟ್ನಿ ಅರೆಯಲು ಹೋಗಲಿಲ್ಲ, ಆದರೆ ಒಳಗೆ ಹೋಗಿ ಪೆಟ್ಟಿಗೆ ತೆಗೆದು, ಯಾವ ಸೀರೆ ಉಡಬೇಕೆಂದು ನೋಡಿದೆ. ನಮ್ಮ ಮನೆಯಲ್ಲಿ ಎಲ್ಲವೂ ಎಂದಿನ ಹಾಗೆ ಇದ್ದ ಕೊನೆಯ ದಿನ ಅದು.

ಆ ಮೋಟಾರಿನ ಬಗ್ಗೆ ಹೇಳಬೇಕು. ಗಣಿ ಕೆಲಸ ನೋಡುತ್ತಿದ್ದ ಬಿಳಿ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಸಾವ್ಕಾರರು ಅದನ್ನು ಕೊಂಡಿದ್ದರು. ಆಗಲೇ ಅದು ಹಳೆಯ ಗಾಡಿ. ಊರಲ್ಲಿ ಹೊಸ ಮಾದರಿಯ ಸಣ್ಣ ಮೋಟಾರುಗಳು ಬಂದಿದ್ದರೂ ಅದರ ಮುಂದೆ ಅವು ತಗಡಿನ ಡಬ್ಬಿಯಂತೆ ಕಾಣುತ್ತಿದ್ದವು. ಉದ್ದನೆಯ ಮೂತಿ, ತಂಬಿಗೆಯಷ್ಟು ದಪ್ಪದ ದೀಪಗಳು, ಕಟ್ಟಿಗೆಯ ಅರಗಳ ಗಾಲಿ, ಕೆಂಪು ತೊಗಲಿನ ಸೀಟು. ಸಾವ್ಕಾರರಿಗೆ ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇತ್ತು, ಸಂಡೂರು ಸಂಸ್ಥಾನದಲ್ಲಿ ವ್ಯವಹಾರವಿತ್ತು. ನನ್ನ ಗಂಡ ಅವರ ಡ್ರೈವರು. ಗಾಡಿಯ ಹೊಟ್ಟೆಯೊಳಗೆ ಕೈ ಹಾಕುತ್ತಿದ್ದವರೂ ಅವರೇ.

ನಾನು ಅದರ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೆ ಎಂದರೆ ಜನ ನಗುತ್ತಾರೆ. ನಗಲಿ. ನಮ್ಮ ಮನೆಯ ಬಾವಿಯದು ಸವಳು ನೀರು. ನಾವು ಅದನ್ನೇ ಕುಡಿಯುತ್ತಿದ್ದೆವು. ಮೋಟಾರಿಗೆ ಸವಳು ನೀರು ಹಾಕಿದರೆ ಒಳಗೆ ಸುಣ್ಣ ಕಟ್ಟುತ್ತದೆಂದು ಅವರು ಬೆಳಿಗ್ಗೆ ಎದ್ದು ಕಾಲುವೆಗೆ ಹೋಗಿ ಸಿಹಿನೀರು ಹೊತ್ತು ತರುತ್ತಿದ್ದರು, ಅದನ್ನೂ ಎರಡು ಪದರದ ಬಟ್ಟೆಯಲ್ಲಿ ಸೋಸಿ ಹಾಕುತ್ತಿದ್ದರು. ಸೀಟಿನ ತೊಗಲು ಸೀಳದಂತೆ ಹರಳೆಣ್ಣೆ ತಿಕ್ಕುತ್ತಿದ್ದರು. ನನ್ನ ತಲೆಗೆ ಎಣ್ಣೆ ಮುಗಿದಿದೆ ಎಂದರೆ ನಾಳೆ ತರುತ್ತೇನೆ ಎನ್ನುತ್ತಿದ್ದರು. ಜ್ವರ ಬಂದ ನನ್ನ ಹಣೆ ಮುಟ್ಟಿ ನೋಡಿದ್ದು ನೆನಪಿಲ್ಲ, ಮೋಟಾರಿನ ಮೂತಿಯ ಮೇಲೆ ಅಂಗೈ ಇಟ್ಟು ಎಷ್ಟು ಕಾದಿದೆ ಎಂದು ನೋಡುವುದನ್ನು ಮಾತ್ರ ದಿನವೂ ನೋಡುತ್ತಿದ್ದೆ.

ಗಾಡಿ ಎಲ್ಲಿಗೆ ಹೋಗಿ ಬಂತೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಅವರ ಅಂಗಿ ಒಗೆಯುವಾಗ ನೀರು ಕೆಂಪಾದರೆ ಸಂಡೂರು. ಕಾಲಿಗೆ ಕರಿ ಕೆಸರು ಮೆತ್ತಿದ್ದರೆ ಕಂಪ್ಲಿ ಕಡೆಯ ಗದ್ದೆಗಳ ದಾರಿ. ಬುಕ್ಕಸಾಗರದ ಹತ್ತಿರ ಗಾಲಿ ಹೂತು, ಭತ್ತದ ಗದ್ದೆಯಲ್ಲಿದ್ದ ಜನರೆಲ್ಲ ಬಂದು ಎತ್ತಿಕೊಟ್ಟರೆಂದು ಒಮ್ಮೆ ಮದುವೆಯ ಸುದ್ದಿ ಹೇಳುವಂತೆ ಹೇಳಿದರು. ಹೊಳೆ ದಾಟಬೇಕಾದಾಗ ಎರಡು ಹರಿಗೋಲು ಜೋಡಿಸಿ ಕಟ್ಟಿ, ಮೇಲೆ ಹಲಗೆ ಹಾಸಿ, ಅದರ ಮೇಲೆ ಮೋಟಾರನ್ನು ಹತ್ತಿಸುತ್ತಿದ್ದರಂತೆ. ಸಾವ್ಕಾರರು ಇಳಿದು ಬೇರೆ ಹರಿಗೋಲಿನಲ್ಲಿ ಕೂರುತ್ತಿದ್ದರು. ಇವರು ಮಾತ್ರ ಬ್ರೇಕಿನ ಮೇಲೆ ಕಾಲಿಟ್ಟು ಸೀಟಿನಲ್ಲೇ ಇರುತ್ತಿದ್ದರು. ಇವರಿಗೆ ಈಜು ಬರುತ್ತಿರಲಿಲ್ಲ. ನನ್ನೊಡನೆ ಹೊಳೆಗೆ ಬಂದರೆ ಮೊಣಕಾಲಿನ ಮೇಲೆ ನೀರಿಗಿಳಿಯದ ಮನುಷ್ಯ. ಗಾಡಿ ಮುಳುಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. “ಅದನ್ನ ಒಂದs ಬಿಟ್ಟು ಹೆಂಗ ಬರಲಿ?” ಎಂದರು. ಅವತ್ತು ನಾನು ಅವರಿಗೆ ಊಟ ಬಡಿಸಿ, ಎದುರಿಗೆ ಕೂರದೆ ಒಳಗೆ ಹೋದೆ.

ವಾಲ್ವು ಕೆರೆದ ಅದೇ ದಿನ ಸಂಜೆ ಅವರಿಗೆ ಚಳಿ ಹತ್ತಿತು. ಕಾಲುವೆಯ ಊರುಗಳಲ್ಲಿ ಚಳಿಜ್ವರ ಹೊಸದಲ್ಲ, ನಾವು ಕಷಾಯ ಮಾಡಿಕೊಟ್ಟೆವು. ಮೈಯ ಕಾವು ಇಳಿಯಲಿಲ್ಲ. ಸಾವ್ಕಾರರು ತಾವೇ ವೈದ್ಯರನ್ನು ಕರೆತಂದರು. ಜ್ವರ ತಲೆಗೇರಿದ ಮೇಲೆ ಅವರು ನನ್ನನ್ನು ಗುರುತಿಸಲಿಲ್ಲ. ಗ್ಯಾಸ್ಕೆಟ್ಟು ಬಂತೇನು ಎಂದು ಕೇಳುತ್ತಿದ್ದರು. ಬಂದಿದೆ ಎಂದು ಹೇಳಿದೆ. ಬಂದಿರಲಿಲ್ಲ. ಅದು ಬರುವ ಮೊದಲೇ ಅವರು ಹೋದರು. ಬಂದ ಜ್ವರ ಊರಿಗೆಲ್ಲ ಬರುವ ಜ್ವರ. ಮೋಟಾರಿನ ಮೇಲೆ ತಪ್ಪು ಹೊರಿಸಲಿಕ್ಕೂ ನನಗೆ ಅವಕಾಶವಿರಲಿಲ್ಲ.

ನಮ್ಮಲ್ಲಿ ಮಣ್ಣು ಮಾಡಿ ಬಂದ ಮೇಲೆ ಮನೆಯನ್ನೆಲ್ಲ ಸಾರಿಸಿ, ಇದ್ದ ಪಾತ್ರೆಗಳನ್ನೆಲ್ಲ ಹೊರಗೆ ಹಾಕಿ ಬೆಳಗುತ್ತಾರೆ. ಮನೆಯವರು ಆ ಕೆಲಸಕ್ಕೆ ಏಳುವ ಸ್ಥಿತಿಯಲ್ಲಿ ಇರುವುದಿಲ್ಲ, ಓಣಿಯ ಹೆಂಗಸರೇ ಮಾಡುತ್ತಾರೆ. ಅವರು ನಮ್ಮ ಅಡುಗೆಮನೆಯ ಗೂಡಿನಲ್ಲಿ ಪಡ್ಡಿನ ಹಂಚು ಕಂಡರು. ಅದರಲ್ಲಿ ಎಣ್ಣೆ ಮೆತ್ತಿದ ಕಬ್ಬಿಣದ ಸಾಮಾನು. ಎಲ್ಲವನ್ನೂ ಒಂದು ಬುಟ್ಟಿಗೆ ಸುರಿದು, ಹಂಚನ್ನು ಬೂದಿ ಹಾಕಿ ತಿಕ್ಕಿದರು. ಕಬ್ಬಿಣವನ್ನೇಕೆ ಬಿಡಬೇಕೆಂದು ಅದನ್ನೂ ಹುಣಸೆಹುಳಿ ಹಚ್ಚಿ ತೊಳೆದು, ಬಿಸಿಲಿಗೆ ಹರವಿ, ಒಣಗಿದ ಮೇಲೆ ಬುಟ್ಟಿಗೆ ತುಂಬಿಟ್ಟರು. ನಾನು ಗೋಡೆಗೆ ಒರಗಿ ಕುಳಿತಿದ್ದೆ. ಸುರಿದ ಸದ್ದು ಕೇಳಿತು. ಅದೇನೆಂದು ನನಗೆ ಹೊಳೆಯಲಿಲ್ಲ.

ಕೆಲವು ದಿನಗಳ ಮೇಲೆ ಸಾವ್ಕಾರರು ಬಳ್ಳಾರಿಯಿಂದ ಒಬ್ಬ ಮಿಸ್ತ್ರಿಯನ್ನು ಕರೆಸಿದರು. ವಯಸ್ಸಾದ ಮನುಷ್ಯ. ಬಾಗಿಲ ಹೊರಗೇ ನಿಂತು, ದುಃಖದ ಮನೆಯಲ್ಲಿ ಕೇಳಬಾರದು ಎನ್ನುತ್ತ, ಅವರು ಬಿಚ್ಚಿಟ್ಟ ಸಾಮಾನು ಎಲ್ಲಿದೆ ಎಂದು ಕೇಳಿದ. ಪಕ್ಕದ ಮನೆಯವಳು ಬುಟ್ಟಿ ತಂದು ಅವನ ಮುಂದಿಟ್ಟಳು.

“ನೋಡ್ರಿ, ಹೆಂಗ ಬೆಳಗೀವಿ. ಲಕಲಕ ಅಂತಾವ.”

ಅವನು ಒಂದು ವಾಲ್ವು ಎತ್ತಿ, ಇನ್ನೊಂದರ ಪಕ್ಕಕ್ಕೆ ಹಿಡಿದು ನೋಡಿ, ತಿರುಗಿ ಬುಟ್ಟಿಗೆ ಹಾಕಿದ. ಆಮೇಲೆ ಮೆಲ್ಲಗೆ, “ಭಾಳ ಚಲೋ ಬೆಳಗೀರವ್ವ” ಎಂದ. ಅವಳಿಗೆ ಸಂತೋಷವಾಯಿತು.

ನನಗೂ ಆಯಿತು. ಯಾವ ವಾಲ್ವು ಯಾವ ಬಾಯಿಯದೆಂದು ಈಗ ಈ ಊರಲ್ಲಿ ಹೇಳುವವರಿಲ್ಲ. ಅವರು ಇಲ್ಲದ ಮೇಲೆ ಅದೂ ನನ್ನ ಹಾಗೆ ಮೂಲೆಯಲ್ಲಿ ಕೂರಲಿ ಎಂದುಕೊಂಡೆ. ಅವರು ಹೋದ ಮೇಲೆ ನನಗೆ ಸಿಕ್ಕ ಮೊದಲ ಸಮಾಧಾನ ಅದೇ.

ಅದು ಉಳಿಯಲಿಲ್ಲ. ಮಿಸ್ತ್ರಿ ಎಲ್ಲ ವಾಲ್ವುಗಳನ್ನೂ ಸಾಣೆಪುಡಿ ಹಚ್ಚಿ, ಹೊಸದಾಗಿ ಒಂದೊಂದು ಬಾಯಿಗೆ ಒಂದೊಂದನ್ನು ಅರೆದು ಕೂರಿಸಿದನಂತೆ. ಯಾವುದು ಯಾವುದರದಾಗಿತ್ತು ಎಂಬುದೇ ಬೇಕಾಗಲಿಲ್ಲ. ಒಂದು ಬೆಳಿಗ್ಗೆ ನಾನು ಅಕ್ಕಿ ಆರಿಸುತ್ತಿದ್ದಾಗ ಓಣಿಯ ತುದಿಯಲ್ಲಿ ಅದರ ಸದ್ದು ಕೇಳಿತು. ತಿರುವಿನಲ್ಲಿ ಗೇರು ಬದಲಿಸುವಾಗ ಅವರು ಒಂದು ಗಳಿಗೆ ತಡೆದು ಬದಲಿಸುತ್ತಿದ್ದರು, ಸದ್ದು ಮಡಿಸಿದ ಹಾಗೆ ಆಗಿ ಮತ್ತೆ ಬಿಚ್ಚಿಕೊಳ್ಳುತ್ತಿತ್ತು. ಈಗ ಓಡಿಸುತ್ತಿದ್ದವನು ಹಾಗೆ ಮಾಡಲಿಲ್ಲ, ಕರ್ರೆಂದಿತು. ಗಾಡಿ ಮುಂದೆ ಹೋಯಿತು. ಹೊಸ ಡ್ರೈವರು ಬಂದಿದ್ದಾನೆ, ಗಾಡಿ ಮೊದಲಿನ ಹಾಗೇ ಇದೆ, ಒಂದಿಷ್ಟೂ ವ್ಯತ್ಯಾಸ ತಿಳಿಯುವುದಿಲ್ಲ ಎಂದು ಓಣಿಯಲ್ಲಿ ಎಲ್ಲರೂ ಹೇಳಿದರು. ಸವತಿಯ ಮಾತನ್ನು ಅತ್ತೆ ಮತ್ತೆ ಎತ್ತಲೇ ಇಲ್ಲ. ಮೋಟಾರು ಕೆಟ್ಟು ನಿಂತಿತೆಂಬ ಸುದ್ದಿಗಾಗಿ ನಾನು ಕಾದೆ. ಕಂಪ್ಲಿಗೆ ಹೋಯಿತು, ಸಂಡೂರಿಗೆ ಹೋಯಿತು, ಬಂತು. ಅದಕ್ಕೆ ಇನ್ನೊಬ್ಬ ಸಿಕ್ಕಿದ್ದ.

ಸಾವ್ಕಾರರ ಹೆಂಡತಿ ಒಳ್ಳೆಯ ಹೆಂಗಸು. ನಮ್ಮ ಮನೆಗೆ ಕಾಳುಕಡ್ಡಿ ತಪ್ಪದೆ ಕಳಿಸುತ್ತಿದ್ದರು. ಒಂದು ಸೋಮವಾರ ತಾವು ಹಂಪಿಗೆ ಹೊರಟಾಗ ಮೋಟಾರನ್ನು ನಮ್ಮ ಓಣಿಗೇ ತರಿಸಿ ನನ್ನನ್ನು ಕರೆದರು. ಅತ್ತೆ ಹೋಗು ಎಂದರು. ನಾನು ಹೋದೆ. ಹೆಂಗಸರು ಹಿಂದಿನ ಸೀಟಿನಲ್ಲಿ ಕೂರುವುದು ಪದ್ಧತಿ, ನಾನೂ ಅಲ್ಲೇ ಕುಳಿತೆ. ತೊಗಲು ಮೆತ್ತಗಿತ್ತು. ಕಮಲಾಪುರ ದಾಟಿ ಕಲ್ಲುಗುಂಡುಗಳ ನಡುವೆ ಗಾಡಿ ಇಳಿಯತೊಡಗಿದಾಗ ಗಾಳಿ ಮುಖಕ್ಕೆ ಬಡಿಯಿತು. ಅದು ಸುಖವಾಗಿತ್ತು. ಸುಖವಾಗಿದೆ ಎಂದು ತಿಳಿದು ನನಗೆ ಅಳು ಬಂತು, ಸೆರಗು ಹಿಡಿದುಕೊಂಡೆ.

ಸಾವ್ಕಾರರ ಹೆಂಡತಿ ನನ್ನ ಕೈ ಹಿಡಿದರು. ಮುಂದಿನ ಗಾಜಿನ ಮೇಲೆ ತೂಗುತ್ತಿದ್ದ ಸಣ್ಣ ಕನ್ನಡಿಯನ್ನು ತೋರಿಸಿದರು.

“ಅದರಾಗ ನಿನ್ನ ಗಂಡನ ಮುಖ ಕಾಣತಿತ್ತವ್ವ. ಇಂಥಾ ಇಳಿಜಾರು ಬಂತಂದ್ರ ತನ್ನಷ್ಟಕ್ಕ ತಾನು ನಗತಿದ್ದ. ಸಣ್ಣ ಹುಡುಗರು ನಗತಾವಲ್ಲ, ಹಂಗ. ನಾವು ನೋಡತೀವಂತ ಅವಗ ಗೊತ್ತs ಇರಲಿಲ್ಲ. ಬಾಯೊಳಗ ಏನರೆ ಗುನುಗತಿದ್ದ. ಮನ್ಯಾಗೂ ಹಂಗs ಇದ್ನೇನು?”

ನನ್ನ ದುಃಖ ಇಳಿಸಬೇಕೆಂದೇ ಅವರು ಆ ಮಾತು ಹೇಳಿದ್ದರು. ನಾನು ಹೌದು ಎಂದೆ. ಮನೆಯಲ್ಲಿ ಅವರು ಗುನುಗಿದ್ದನ್ನು ನಾನು ಕೇಳಿರಲಿಲ್ಲ. ಕನ್ನಡಿಯಲ್ಲಿ ಈಗ ಹೊಸಬನ ಹುಬ್ಬು ಕಾಣುತ್ತಿತ್ತು. ದಾರಿಯುದ್ದಕ್ಕೂ ನಾನು ಮೋಟಾರಿನ ಮೇಲೆ ಸಿಟ್ಟಾಗಲಿಲ್ಲ. ನನ್ನ ಕೈ ಹಿಡಿದು ಕುಳಿತಿದ್ದ ಆ ಒಳ್ಳೆಯ ಹೆಂಗಸಿನ ಮೇಲೆ ಆದೆ. ಎಷ್ಟು ಇಳಿಜಾರುಗಳಲ್ಲಿ ಅವರು ಆ ಕನ್ನಡಿಯನ್ನು ನೋಡಿರಬೇಕು. ಒಂದನ್ನಾದರೂ ನನಗೆ ಬಿಡಬಹುದಿತ್ತು ಎನ್ನಿಸಿತು. ಗುಡಿಯಲ್ಲಿ ಏನು ಬೇಡಿಕೊಂಡೆನೋ ನೆನಪಿಲ್ಲ. ಆಮೇಲೆ ಅವರು ಎರಡು ಸಲ ಕರೆ ಕಳಿಸಿದರು, ಮೈ ಸರಿಯಿಲ್ಲವೆಂದು ಹೇಳಿಸಿದೆ.

ನನ್ನ ಗಂಡ ಉಣ್ಣುವಾಗಿನ ಮುಖ ನನಗೆ ನೆನಪಿದೆ, ಮಲಗಿದಾಗಿನದು ನೆನಪಿದೆ, ಜ್ವರದಲ್ಲಿ ನನ್ನನ್ನು ಗುರುತಿಸದೆ ನೋಡಿದ್ದೂ ನೆನಪಿದೆ. ಗಾಡಿ ಓಡಿಸುವಾಗಿನ ಅವರ ಮುಖವನ್ನು ನಾನು ಒಮ್ಮೆಯೂ ನೋಡಿಲ್ಲ.