ಸೀಮೆಸುಣ್ಣದ ಬಿಳುಪು ಕಾಣುವ ತನಕ

ತೊಂಬತ್ತರ ದಶಕದ ಕೊನೆಯಲ್ಲಿ, ವೀರನಹೊಸಹಳ್ಳಿಯಿಂದ ಆಚೆಗಿನ ಒಂದು ಶಾಲೆಯ ಜಗಲಿಯ ಮೇಲೆ, ಸಿಂಧು ಎಂಬ ಏಳು ವರ್ಷದ ಹುಡುಗಿಯ ಕೆಳದವಡೆಯ ಹಲ್ಲೊಂದನ್ನು ಡಾಕ್ಟರ್ ಸಿದ್ದಲಿಂಗಮ್ಮನವರು ಕಿತ್ತರು. ಅದು ಮತ್ತೆ ಬರುವ ಹಲ್ಲಲ್ಲ. ಹುಳುಕು ಇನ್ನೂ ಆಳಕ್ಕೆ ಇಳಿದಿರಲಿಲ್ಲ. ಉಳಿಸಬಹುದಾಗಿತ್ತು.

ಅದೇ ಡಾಕ್ಟರಮ್ಮನ ನಿವೃತ್ತಿಯ ಅಭಿನಂದನ ಗ್ರಂಥದ ಲೇಖನ ಹೀಗೆ ಶುರುವಾಗುವುದು ಶೋಭೆಯಲ್ಲವೆಂದು ಸಂಪಾದಕರೂ ನಮ್ಮ ಹುಣಸೂರಿನ ಓದುಬಳಗದ ಹಿರಿಯರೂ ಆದ ಸಿದ್ದಮಲ್ಲಪ್ಪನವರು ಬರಹ ನೋಡಿದೊಡನೆ ಹೇಳಿದರು. ಆದರೆ ಈ ಆರಂಭ ನಾನು ಆರಿಸಿಕೊಂಡದ್ದಲ್ಲ. ಗ್ರಂಥಕ್ಕೆ ಒಪ್ಪಿಗೆ ಕೇಳಲು ಹೋದಾಗ ಡಾಕ್ಟರಮ್ಮ ಇಟ್ಟ ಷರತ್ತು ಇದೊಂದೇ: “ಹಾರ ತುರಾಯಿ ಆಮೇಲೆ ಹಾಕಿ. ಮೊದಲು ಸಿಂಧು ಹಲ್ಲಿನ ವಿಷಯ ಬರೀರಿ. ಇಲ್ಲಾಂದ್ರೆ ಪುಸ್ತಕಾನೇ ಬೇಡ.”

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಸರ್ಕಾರಿ ಶಾಲೆಗಳಲ್ಲಿ ಓದಿದ ಒಂದು ಇಡೀ ತಲೆಮಾರಿನ ದವಡೆಯಲ್ಲಿ ಈ ವೈದ್ಯೆಯ ಕೈಕೆಲಸವಿದೆ. ಮತ್ತು ಆ ಕೆಲಸ ಎಷ್ಟು ಚೆನ್ನಾಗಿ ಆಗಿದೆಯೋ ಅಷ್ಟರಮಟ್ಟಿಗೆ ಅದು ಯಾರ ಕಣ್ಣಿಗೂ ಬಿದ್ದಿಲ್ಲ. ಮಗುವಿನ ದವಡೆ ಹಲ್ಲಿನ ನೆತ್ತಿಯ ಮೇಲೆ ಸಣ್ಣ ಸಣ್ಣ ಹಳ್ಳ, ಗೀರುಗಳಿರುತ್ತವೆ. ಬ್ರಷ್ಷಿನ ಕೂದಲೂ ತಲುಪದ ಆ ಸಂದುಗಳಲ್ಲಿ ಅನ್ನ, ಬಿಸ್ಕತ್ತು ಕೂತು ಹಲ್ಲು ಹುಳುಕಾಗುತ್ತದೆ. ಹುಳುಕು ಹಿಡಿಯುವ ಮೊದಲೇ ಆ ಸಂದುಗಳನ್ನು ತೆಳುವಾದ ಲೇಪದಿಂದ ಮುಚ್ಚಿಬಿಡುವುದಕ್ಕೆ ಸೀಲೆಂಟ್ ಎನ್ನುತ್ತಾರೆ. ಚುಚ್ಚುವುದಿಲ್ಲ, ಕೊರೆಯುವುದಿಲ್ಲ, ಮಗು ಅಳುವುದಿಲ್ಲ. ಕೀಳುವುದಕ್ಕೆ ಇಕ್ಕಳ ಕೊಡುವ ವ್ಯವಸ್ಥೆ, ಕೀಳದಂತೆ ನೋಡಿಕೊಳ್ಳುವ ಈ ಅಗ್ಗದ ಲೇಪಕ್ಕೆ ಮಾತ್ರ ಇಷ್ಟು ವರ್ಷ ಕೈ ಬಿಗಿ ಹಿಡಿಯಿತು. ಶ್ರೀಮಂತರ ಮಕ್ಕಳ ಬಾಯಿಯಲ್ಲಿ ಇದು ಎಂದೋ ಮಾಮೂಲಾಗಿದೆ. ಬಡವರ ಮಕ್ಕಳಿಗೆ ನೋವು ಬಂದ ಮೇಲಷ್ಟೇ ಸರ್ಕಾರದ ನೆನಪಿನಲ್ಲಿ ಜಾಗ.

ಸಿಂಧುವಿನ ಹಲ್ಲು ಕಿತ್ತಾಗ ಡಾಕ್ಟರಮ್ಮ ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗಿರಲಿಲ್ಲ. ಶಿಬಿರದ ಮುಂದಾಳು ಹಿರಿಯ ವೈದ್ಯರೊಬ್ಬರು. ಜೀಪಿನಲ್ಲಿ ಇಕ್ಕಳಗಳು ಬಂದಿದ್ದವು, ಹಲ್ಲು ತುಂಬುವ ಸಾಮಾನು ಬಂದಿರಲಿಲ್ಲ. “ಹಾಲುಹಲ್ಲು, ಕಿತ್ತು ಕಳಿಸಿ. ಜೀಪು ಹೊರಡ್ಬೇಕು,” ಎಂದರು ಹಿರಿಯರು. ಊರವರೂ ಹಾಗೆಯೇ ನಂಬಿದ್ದರು. ಮುಂದಿನ ಹಲ್ಲುಗಳು ಹಾಲುಹಲ್ಲು ಬಿದ್ದ ಜಾಗದಲ್ಲಿ ಹುಟ್ಟುತ್ತವೆ. ಆರನೇ ವಯಸ್ಸಿಗೆ ಹುಟ್ಟುವ ಈ ದವಡೆ ಹಲ್ಲು ಮಾತ್ರ ಯಾವುದನ್ನೂ ಬೀಳಿಸದೆ, ಹಾಲುಹಲ್ಲುಗಳ ಸಾಲಿನ ಹಿಂದೆ ಸದ್ದಿಲ್ಲದೆ ಬಂದು ನಿಲ್ಲುತ್ತದೆ. ಹಾಗಾಗಿ ಮನೆಮನೆಯಲ್ಲೂ ಅದನ್ನು ಹಾಲುಹಲ್ಲೆಂದೇ ತಿಳಿಯುತ್ತಾರೆ, ಹುಳುಕಾದರೆ ಹೋಗಲಿ ಬಿಡು ಎನ್ನುತ್ತಾರೆ. ತಿಳಿದಿದ್ದವರು ಆ ಜಗಲಿಯ ಮೇಲೆ ಇಬ್ಬರೇ. ಒಬ್ಬರು ಹೇಳಿದರು, ಇನ್ನೊಬ್ಬರು ಕಿತ್ತರು.

ಸಿಂಧುವಿನ ಅಪ್ಪ ಚಾಮಯ್ಯ ಆ ಹಲ್ಲನ್ನು ವಾಡಿಕೆಯಂತೆ ಸಗಣಿಯಲ್ಲಿ ಉಂಡೆ ಕಟ್ಟಿ ಸೂರಿನ ಮೇಲೆ ಎಸೆದ. ಹೊಸ ಹಲ್ಲು ಬರಲೆಂದು ಹುಡುಗಿ ದಿನಾ ಬೆರಳಿಟ್ಟು ನೋಡಿಕೊಂಡಳು. ಮನೆಯವರೆಲ್ಲ ಕೊಡಗಿನ ತೋಟದ ಕೂಲಿಗೆ ಹೋಗಿ, ಕಾಫಿ ಕುಯ್ಲು ಮುಗಿಸಿ, ಮತ್ತೊಂದು ಕುಯ್ಲೂ ಮುಗಿಸಿ ಬಂದರು. ಹಲ್ಲು ಬರಲಿಲ್ಲ. ತಾಯಿ ಪುಟ್ಟಸಿದ್ದಮ್ಮ ಮಗಳನ್ನು ಕರೆದುಕೊಂಡು ಡಾಕ್ಟರಮ್ಮನ ಆಸ್ಪತ್ರೆಗೆ ಬಂದಳು. ಆ ಮಾತುಕತೆಯನ್ನು ಇಬ್ಬರ ಬಾಯಲ್ಲೂ ಕೇಳಿದ್ದೇನೆ. ಇಬ್ಬರೂ ಒಂದೇ ರೀತಿ ಹೇಳುತ್ತಾರೆ.

“ಸೂರಿನ ಮ್ಯಾಲೆ ಸರ್ಯಾಗೇ ಎಸ್ದೋ ಕಣವ್ವ. ಯಾಕೋ ಅಲ್ಲು ಬರ್ನೇ ಇಲ್ಲ.”

“ಬರಲ್ಲ ತಾಯಿ. ಅದು ಹಾಲುಹಲ್ಲಾಗಿರಲಿಲ್ಲ. ನಂಗೆ ಗೊತ್ತಿತ್ತು.”

“ಗೊತ್ತಿದ್ದೂ ಕಿತ್ತ್ಯಾ?”

“ಕೀಳು ಅಂದ್ರು.”

“ಅವ್ರು ಅಂದ್ಬುಟ್ರೆ ನೀನು ಕಿತ್ತ್‌ಬುಡದಾ?”

ಪುಟ್ಟಸಿದ್ದಮ್ಮ ಕೂಗಾಡಲಿಲ್ಲ, ಶಾಪ ಹಾಕಲಿಲ್ಲ. ಮಗಳ ಕೈಹಿಡಿದು ಬಸ್ಸಿಗೆ ಹೋದಳು. ಡಾಕ್ಟರಮ್ಮನವರ ಮುಂದಿನ ಸೇವಾವಧಿಯೆಲ್ಲ ಆ ಪ್ರಶ್ನೆಗೆ ಕೊಡುತ್ತ ಬಂದ ಉತ್ತರವೆಂದು ನಾನು ತಿಳಿದಿದ್ದೇನೆ.

ಎಚ್.ಡಿ. ಕೋಟೆಗೆ ವರ್ಗವಾದಾಗ ಅವರು ದಾನಿಗಳನ್ನು ಕಾಡಿ ಬೇಡಿ ಸೀಲೆಂಟಿನ ಸಾಮಾನು ತರಿಸಿಕೊಂಡು ಶಾಲೆಗಳಿಗೆ ಹೊರಟರು. ಪಿರಿಯಾಪಟ್ಟಣದಲ್ಲೂ ಅದನ್ನೇ ಮುಂದುವರಿಸಿದರು. ಅವರ ಕೆಲಸದ ರೀತಿಯನ್ನು ಕಂಡವರು ಮರೆಯಲಾರರು. ಜಗಲಿಯ ಬೆಳಕಿಗೆ ಬೆಂಚು ಎಳೆದು, ಮಗುವನ್ನು ಮಲಗಿಸಿ, ತಲೆಯನ್ನು ತಮ್ಮ ಮಡಿಲಿಗೆ ಇಟ್ಟುಕೊಳ್ಳುವರು. ಲೇಪ ಹಿಡಿಯುವಂತೆ ಹಲ್ಲನ್ನು ಒರಟಾಗಿಸುವ ಜೆಲ್ ಸವರಿ, ತೊಳೆದು, ಸುತ್ತ ಹತ್ತಿಯಿಟ್ಟು ಒಣಗಿಸುವರು. ಸರಿಯಾಗಿ ಒಣಗಿದ ಹಲ್ಲು ಸೀಮೆಸುಣ್ಣದಂತೆ ಬೆಳ್ಳಗೆ ಕಾಣಬೇಕು. ಆ ಬಿಳುಪು ಕಂಡ ಮೇಲೆಯೇ ಲೇಪ, ಅದನ್ನು ಗಟ್ಟಿಯಾಗಿಸಲು ಮೇಲೆ ನೀಲಿ ಬೆಳಕು. ನಡುವೆ ನಾಲಿಗೆ ತಗುಲಿತೋ, ಎಂಜಲು ಹರಿಯಿತೋ, ಬೈಯದೆ, ಗೊಣಗದೆ ಮತ್ತೆ ಮೊದಲಿನಿಂದ. ತೇವದ ಮೇಲೆ ಹಚ್ಚಿದ ಲೇಪ ಕೆಲವೇ ತಿಂಗಳಲ್ಲಿ ಎದ್ದುಹೋಗುತ್ತದೆ. ಮನೆಯವರು ಮಾತ್ರ ಹಲ್ಲು ಭದ್ರವಾಗಿದೆ ಎಂದು ನಂಬಿ ಕೂತಿರುತ್ತಾರೆ. “ಹಚ್ಚದೇ ಇರೋದು ವಾಸಿ, ಹಚ್ಚಿದ್ದೀವಿ ಅಂತ ಸುಳ್ಳು ಹೇಳೋದು ಬೇಡ,” ಎನ್ನುವುದು ಅವರು ಕಿರಿಯರಿಗೆ ಕಲಿಸಿದ ಮೊದಲ ಪಾಠ.

ಕೆ.ಆರ್. ನಗರ ಕಡೆಯ ಭೇರ್ಯದಲ್ಲಿ ಒಮ್ಮೆ ಶಾಲೆಯ ಬಾಗಿಲಿಗೇ ಜನ ಬಂದರು. ಮುಂದೆ ನಿಂತವರು ಗದ್ದೆ ಮನೆಯ ಪುಟ್ಟತಾಯಮ್ಮ. “ಮಕ್ಳ ಅಲ್ಲುಗಳ್ಗೆ ಸಿಮೆಂಟು ಮೆತ್ತಿ ಉಣ್ದಂಗೆ ಮಾಡ್ತೀರಂತೆ? ಇಸ್ಕೂಲ್ ಅಕ್ಕಿ ಉಳ್ಸಕ್ಕಾ?” ಎಂದು ಗದರಿದರು. ಡಾಕ್ಟರಮ್ಮ ವಾದಕ್ಕೆ ಹೋಗಲಿಲ್ಲ. “ಕಬ್ಬು ತರ್ಸಿ ಅವ್ವ, ನಿಮ್ಮ ಮೊಮ್ಮಗನೇ ಅಗೀಲಿ,” ಎಂದರು. ಆಗಷ್ಟೇ ಲೇಪ ಹಾಕಿಸಿಕೊಂಡಿದ್ದ ಮೊಮ್ಮಗ ಚೆಲುವರಾಜು ಎಲ್ಲರೆದುರು ಜಲ್ಲೆಯನ್ನು ಸಿಪ್ಪೆ ಸಮೇತ ಸೀಳಿ ಅಗಿದ. “ಅಗಿ ಕಣ್ಲಾ, ಇನ್ನೊಂದ್ ಗೆಣ್ಣು ಅಗಿ,” ಎಂದು ಅಜ್ಜಿ ಬಗ್ಗಿ ಬಾಯೊಳಗೆ ನೋಡಿದರು. ಕೊನೆಗೆ ತಾವೇ ಬೆಂಚಿನ ಮೇಲೆ ಕೂತು, “ನಂಗೂ ಒಸಿ ಮೆತ್ತು,” ಎಂದರು. “ಮೆತ್ತೋಕೆ ಹಲ್ಲು ಎಲ್ಲವ್ವ?” ಎಂದ ಡಾಕ್ಟರಮ್ಮನ ಮಾತಿಗೆ ಜಗಲಿಯೆಲ್ಲ ನಕ್ಕಿತು, ಅಜ್ಜಿಯೂ ಸೇರಿ.

ನಮ್ಮ ಬಳಗಕ್ಕೆ ಅವರು ಪರಿಚಯವಾದದ್ದು ಧರಣಿಯಲ್ಲಿ. ಹಲ್ಲು ಕೀಳುವುದು ಬಿಟ್ಟರೆ ಬೇರೆ ಚಿಕಿತ್ಸೆಯಿಲ್ಲದ ನಮ್ಮೂರ ಸರ್ಕಾರಿ ಆಸ್ಪತ್ರೆಯ ವಿರುದ್ಧ ಬಿಸಿಲಲ್ಲಿ ಕೂಗುತ್ತಿದ್ದೆವು. ಒಳಗಿಂದ ಬಂದ ಡಾಕ್ಟರಮ್ಮ, ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ ನಮ್ಮ ಬಳಗದ ವೆಂಕಟೇಶನ ಮುಂದೆ ನಿಂತು, “ಘೋಷಣೆ ಚೆನ್ನಾಗಿದೆ ಕಣ್ರೀ. ಬಾಯಿ ಹಾಗೇ ಇರ್ಲಿ, ನಿಮ್ಮ ಹಿಂದಿನ ಹಲ್ಲು ಯಾಕೋ ಸರಿಯಿಲ್ಲ,” ಎಂದರು. ನಗು ಮುಗಿದ ಮೇಲೆ ಬೇಡಿಕೆಯ ಮನವಿಗೆ ತಾವೂ ಸಹಿ ಹಾಕಿದರು. ಅದಕ್ಕೆ ಮೇಲಿನಿಂದ ನೋಟಿಸು ಬಂತು. ಅದರ ಬಗ್ಗೆ ಅವರು ಎಂದೂ ದೂರಲಿಲ್ಲ. ಓದುಬಳಗದ ಚಾಪೆಯ ಮೇಲೆ ಮಾತ್ರ ಅಂದಿನಿಂದ ತಪ್ಪದೆ ಬಂದು ಕೂತರು.

ನಿವೃತ್ತಿಗೆ ಮುನ್ನಿನ ತಿಂಗಳು, ಸಿಂಧುವಿನ ಹಲ್ಲು ಕಿತ್ತಿದ್ದ ಅದೇ ಶಾಲೆಯಲ್ಲಿ ದೊಡ್ಡ ಶಿಬಿರ ನಡೆಯಿತು. ಬ್ಯಾನರು, ಶಾಮಿಯಾನ, ಅತಿಥಿಗಳು, ಕ್ಯಾಮೆರಾ. ಸಿಂಧು ಈಗ ಅಲ್ಲಿಯೇ ಬಿಸಿಯೂಟದ ಅಡುಗೆಯವಳು. ಇಂದಿಗೂ ಒಂದೇ ಕಡೆಯ ದವಡೆಯಲ್ಲಿ ಅಗಿಯುತ್ತಾಳೆ. ಅವಳ ಮಗಳು ಮಾನಸ ಒಂದನೇ ಕ್ಲಾಸು. ಅತಿಥಿಗಳು ಬೆಂಚಿನ ಹತ್ತಿರ ಬಂದಾಗ ಡಾಕ್ಟರಮ್ಮನ ಮಡಿಲಲ್ಲಿದ್ದದ್ದು ಮಾನಸಳ ತಲೆ. ಅಮ್ಮ ಕಳೆದುಕೊಂಡ ಹಲ್ಲೇ ಮಗಳ ಬಾಯಲ್ಲಿ ಈಗಷ್ಟೇ ತಲೆಯೆತ್ತುತ್ತಿತ್ತು. ಅರ್ಧದ ಮೇಲೆ ಇನ್ನೂ ವಸಡಿನ ಹೊದಿಕೆ. ಎಷ್ಟು ಹತ್ತಿಯಿಟ್ಟರೂ ಪಸೆ ನಿಲ್ಲದು. ಪಸೆಯನ್ನು ತಾಳುವ ಇನ್ನೊಂದು ಬಗೆಯ ಲೇಪ ಉಂಟು. ಅದನ್ನು ಅವರು ಬರೆದು ಬರೆದು ಕೇಳಿದ್ದರು. ಬಂದದ್ದು ಬ್ಯಾನರು.

ಸಂಪ್ರದಾಯದಂತೆ ಇಲ್ಲಿ ನಾನು ಅವರಿಗೆ ನೂರು ವರ್ಷ ಆಯುಸ್ಸು ಕೋರಬೇಕು, ಮನಸಾರೆ ಕೋರುತ್ತೇನೆ. ಅದಕ್ಕಿಂತ ಮೊದಲು ಹತ್ತಿರದ್ದೊಂದು ಕೋರಿಕೆಯಿದೆ. ಮಾನಸಳ ಹಲ್ಲು ಪೂರ್ತಿ ಮೇಲೆ ಬರುವ ಹೊತ್ತಿಗೆ ಡಾಕ್ಟರಮ್ಮ ಕೈಚೀಲ ಹಿಡಿದು ಆ ಜಗಲಿ ಹತ್ತಲಿ. ಆಮೇಲೆ ಹುಟ್ಟುವ ಹಲ್ಲುಗಳಿಗೂ ಅವರ ಕಣ್ಣು, ಕೈ, ತಾಳ್ಮೆ ಉಳಿದಿರಲಿ. ಕುರ್ಚಿಗೆ ನಿವೃತ್ತಿಯಿದೆ, ಅವರು ಮಾಡುವ ಕೆಲಸಕ್ಕೆ ಇಲ್ಲ. ಇದನ್ನು ಧೈರ್ಯವಾಗಿ ಬರೆಯುತ್ತಿರುವುದು ಆ ಶಿಬಿರದ ದಿನ ನಾನೂ ಅಲ್ಲಿದ್ದು ಕಂಡದ್ದರಿಂದ.

“ಹಚ್ಚಿ ಮೇಡಂ, ಅತಿಥಿಗಳು ನಿಂತಿದಾರೆ,” ಎಂದರು ಮೇಲಧಿಕಾರಿ.

“ಹಲ್ಲು ಇನ್ನೂ ಪೂರ್ತಿ ಬಂದಿಲ್ಲ ಸರ್. ಒಣಗ್ತಿಲ್ಲ. ಬಂದಾಗ ಬಂದು ಹಚ್ತೀನಿ.”

“ಆಗ ನೀವು ಸರ್ವೀಸಲ್ಲೇ ಇರಲ್ಲ. ಸುಮ್ನೆ ಹಚ್ಚಿ, ಎದ್ದೋದ್ರೆ ಎದ್ದೋಗ್ಲಿ. ಫೋಟೋ ಆಗ್ಬೇಕು.” ಆಮೇಲೆ ಮಗುವಿನ ಕಡೆ ಬಗ್ಗಿ, “ಎಲ್ಲಿ ಪುಟ್ಟಿ, ದೊಡ್ಡದಾಗಿ ಬಾಯಿ ತೆಗಿ,” ಎಂದರು.

ಅಡುಗೆಮನೆ ಬಾಗಿಲಲ್ಲಿ ಸಿಂಧು ಸೌಟು ಹಿಡಿದು ನಿಂತಿದ್ದಳು. ಡಾಕ್ಟರಮ್ಮ ಅವಳನ್ನೊಮ್ಮೆ ನೋಡಿದರು. ಹತ್ತಿಯನ್ನು ಮೆಲ್ಲಗೆ ಹೊರತೆಗೆದು, ಮಗುವಿನ ಗಲ್ಲ ಒರೆಸಿದರು.

“ಬಾಯಿ ಮುಚ್ಕೊ ಕಂದ,” ಎಂದರು. “ನಾನು ಹಚ್ಚಲ್ಲ ಸರ್.”