ಎಂಟರ್ ಒತ್ತುವ ಬೆರಳು

ಅವರ ಬಲಗೈ ತೋರುಬೆರಳಿಗೆ ತುದಿ ಇರಲಿಲ್ಲ. ಉಗುರಿನ ಜಾಗದಲ್ಲಿ ನುಣ್ಣಗಿನ ಒಂದು ಗಂಟು, ಚಳಿಗಾಲದಲ್ಲಿ ಅದು ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ತಿರುಗುವ ಫ್ಯಾನು ನಿಲ್ಲುವ ಮೊದಲೇ ಕೈಹಾಕಿ ಕಳೆದುಕೊಂಡದ್ದಂತೆ. ಕೀಬೋರ್ಡಿನ ಮೇಲೆ ಉಳಿದ ಬೆರಳುಗಳು ಓಡಾಡುತ್ತಿದ್ದರೂ ಇದೊಂದು ಮೇಲೆಯೇ ನಿಂತಿರುತ್ತಿತ್ತು. ಬರೆಯಬೇಕಾದ ಸಾಲು ಬರೆದು ಮುಗಿಸಿದ ಮೇಲೆ ಅವರು ಎರಡೂ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡು, ಪರದೆಯ ಮೇಲಿದ್ದದ್ದನ್ನು ಒಂದೊಂದೇ ಅಕ್ಷರವಾಗಿ ಗಟ್ಟಿಯಾಗಿ ಓದುತ್ತಿದ್ದರು. ಆಮೇಲೆ ಆ ಮೊಂಡು ಬೆರಳಿನಿಂದ ಎಂಟರ್ ಒತ್ತುತ್ತಿದ್ದರು.

"ಇದೇ ಬೆರಳು ಯಾಕ್ರಿ ಕಾಕಾ?" ಎಂದು ಅವರಿಂದ ಕಲಿಯಲು ಶುರುಮಾಡಿದ ಮೊದಲ ವಾರದಲ್ಲೇ ಕೇಳಿದ್ದೆ.

"ಬಾಕಿ ಒಂಬತ್ತಕ್ಕ ಇನ್ನಾ ಅಕಲ್ ಬಂದಿಲ್ಲ ಬೇಟಾ. ಇದೊಂದು ಅವಸರ ಮಾಡಿ ಕಲ್ತದ."

ಸ್ವಂತ ಕಾಕಾ ಅಲ್ಲ. ಬೀದರದ ಮೈಲೂರಿನಲ್ಲಿ ನಮ್ಮ ಮನೆಯಿಂದ ಮೂರನೆಯ ಮನೆಯವರು. ಹುಟ್ಟೂರು ಔರಾದ ತಾಲೂಕಿನ ಚಿಂತಾಕಿ, ಕೆಲಸ ಮಾಡಿದ್ದೆಲ್ಲ ಬೀದರದಲ್ಲಿ, ಮಗಳನ್ನು ಕೊಟ್ಟದ್ದು ಭಾಲ್ಕಿಗೆ. ಸರ್ವಿಸಿನ ಕೊನೆಯ ವರ್ಷಗಳಲ್ಲಿ ಇಂಟರ್ನೆಟ್ ವಿಭಾಗಕ್ಕೆ ಹಾಕಿದ್ದರಂತೆ. ಹುಡುಗರು ಕಲಿಯಲಿಲ್ಲ, ಇವರು ಕಲಿತರು. ನನ್ನದು ಮನೆಯ ಮುಂದಿನ ಕೋಣೆಯಲ್ಲಿ ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಬೀದರದ ಕಾಳಿನ ಪೇಟೆ ಗಾಂಧಿ ಗಂಜದವರು ದಿನದ ಧಾರಣೆ ಹಾಕಲು ಒಂದು ವೆಬ್‌ಸೈಟ್ ಮಾಡಿಕೊಡಿ ಎಂದು ಕೇಳಿದಾಗ ಹಿಂದೆಮುಂದೆ ನೋಡದೆ ಹ್ಞೂಂ ಅಂದುಬಿಟ್ಟಿದ್ದೆ. ಹೆರುವುದಕ್ಕಿಂತ ಸಾಕುವುದು ಕಷ್ಟ ಅಂತ ಗೊತ್ತಿದ್ದವಳಿಗೇ, ವೆಬ್‌ಸೈಟಿಗೂ ಅದೇ ಮಾತು ಸಲ್ಲುತ್ತದೆ ಅಂತ ಹೊಳೆದಿರಲಿಲ್ಲ.

ತೊಗರಿಯ ಸುಗ್ಗಿಯಲ್ಲಿ ನಮ್ಮ ಪುಟ ಮಧ್ಯಾಹ್ನವಾದರೆ ಸಾಕು, ಬಿದ್ದುಬಿಡುತ್ತಿತ್ತು. ಕಡಿಮೆ ಬಾಡಿಗೆಯ ಹೋಸ್ಟಿಂಗು, ನೂರಾರು ವೆಬ್‌ಸೈಟುಗಳ ಜೊತೆ ಪಂಕ್ತಿಯಲ್ಲಿ ಕೂತದ್ದು. ಪಿಂಚಣಿ ಕಾಗದದ ಝೆರಾಕ್ಸಿಗೆ ಬಂದ ಕಾಕಾ ನನ್ನ ಗೋಳು ಕೇಳಿ, ಮುರುಕು ಸ್ಟೂಲು ಎಳೆದುಕೊಂಡು ಕೂತರು.

"ನೀ ಈಗ ಧರ್ಮಶಾಲಾದಾಗ ಇದ್ದಿ. ಒಂದು ನಳ, ನೂರು ಮಂದಿ. ಬಾಜೂದವ ಲಗ್ನ ಮಾಡಿದ್ರ ನಿನಗ ನೀರಿಲ್ಲ. ದೊಡ್ಡ ವಾಡೇದಾಗ ಒಂದು ಪೋರ್ಷನ್ ಹಿಡಿ. ಗ್ವಾಡಿ, ಮ್ಯಾಲಿನ ಮಾಡು ಮಾಲಕಂದು. ಬಾಗಲಾ ನಿಂದು, ಕೀಲಿ ನಿಂದು, ನಿನ್ನ ಪಾಲಿನ ನೀರು ನಿಂದು. ಖರೇ, ಕಸಾ ಸೈತ ನಿಂದೇ. ಬಂದು ಬಳದು ಹೋಗೋರು ಯಾರೂ ಇಲ್ಲ."

ವಿಪಿಎಸ್ ಎಂಬ ಮೂರಕ್ಷರಕ್ಕೆ ಇದಕ್ಕಿಂತ ಸರಿಯಾದ ಅರ್ಥವನ್ನು ನಾನು ಇವತ್ತಿಗೂ ಎಲ್ಲೂ ಓದಿಲ್ಲ. ದೂರದ ಊರಿನ ಒಂದು ದೊಡ್ಡ ಯಂತ್ರವನ್ನು ಪಾಲು ಮಾಡಿ ಬಾಡಿಗೆಗೆ ಕೊಡುತ್ತಾರೆ, ನಮ್ಮ ಪಾಲಿನೊಳಗೆ ನಾವೇ ಯಜಮಾನರು. ಅದು ಕೈಗೆ ಬಂದ ದಿನ ಹಿಗ್ಗಿದೆ. ಕಸದ ಮಾತು ಆಮೇಲೆ ಅರ್ಥವಾಯಿತು. ದಿನವಿಡೀ ಯಾವ್ಯಾವುದೋ ದೇಶದಿಂದ ಕದ ಅಲುಗಾಡಿಸಿ ನೋಡುವವರು. ಹಾಕದಿದ್ದರೆ ನಡೆಯದ ಅಪ್‌ಡೇಟುಗಳು. ನೋಡದಿದ್ದರೆ ತಾನಾಗಿ ತುಂಬುವ ಡಿಸ್ಕು. ಎಮ್ಮೆ ಕಟ್ಟಿದವಳು ತವರಿಗೆ ಹೋಗಿ ನಾಲ್ಕು ದಿನ ಇರುವ ಹಾಗಿಲ್ಲ. ನನ್ನದೂ ಅದೇ ಪಾಡಾಯಿತು.

ಮೊದಲ ತಿಂಗಳಲ್ಲೇ ಕಳ್ಳರನ್ನು ತಡೆಯಲು ಹೋಗಿ ನಾನೇ ಹೊರಗುಳಿದೆ. ಫೈರ್‌ವಾಲ್ ಹಾಕುವಾಗ ನಾನು ಒಳಬರುವ ದಾರಿಯನ್ನೇ ಬಿಡಲು ಮರೆತಿದ್ದೆ. ಕಾಕಾ ಬೈಯಲಿಲ್ಲ. ಬಾಡಿಗೆ ಕೊಟ್ಟವರ ವೆಬ್‌ಸೈಟಿನಲ್ಲಿ ಇಂಥ ಹೊತ್ತಿಗೆಂದೇ ಒಂದು ಹಿಂಬಾಗಿಲು ಇರುತ್ತದೆ, ಅದನ್ನು ತೋರಿಸಿ ನನ್ನಿಂದಲೇ ತೆಗೆಸಿದರು. "ಕೀಲಿ ಬದ್ಲಿ ಮಾಡೋವಾಗ ಒಬ್ಬರು ಒಳಗ ಕುಂತಿರಬೇಕು," ಎಂದರು. ಅಂದಿನಿಂದ ಅಂಥ ಕೆಲಸಕ್ಕೆ ಪರದೆಯ ಮೇಲೆ ಎರಡು ಕಿಟಕಿ ತೆರೆದಿಡುತ್ತೇನೆ. ಒಂದರಲ್ಲಿ ಕೆಲಸ, ಇನ್ನೊಂದು ಸುಮ್ಮನೆ ಒಳಗೆ ಕೂತಿರುತ್ತದೆ.

ದೊಡ್ಡ ಕೆಲಸಗಳಿಗೆಲ್ಲ ಅವರು ಗೊತ್ತುಮಾಡಿದ್ದ ದಿನ ಅಮಾವಾಸ್ಯೆ. ಅವತ್ತು ಗಂಜ ಬಂದ್, ಧಾರಣೆ ಇಲ್ಲ, ಪುಟ ತೆರೆಯುವವರೂ ಇಲ್ಲ. ಆ ಬಾಡಿಗೆಯ ಸರ್ವರ್ ಯಂತ್ರವನ್ನು ಮಲಗಿಸಿ ಎಬ್ಬಿಸುವುದು, ಅಪ್‌ಡೇಟು, ನಕಲು ತೆಗೆಯುವುದು, ಆ ನಕಲಿನಿಂದ ಪುಟ ನಿಜವಾಗಿ ಎದ್ದೇಳುತ್ತದೆಯೇ ಎಂದು ನೋಡುವುದು, ಎಲ್ಲಾ ಅವತ್ತೇ. ನಮ್ಮತ್ತೆಗೆ ಇದು ಸರಿಬರುತ್ತಿರಲಿಲ್ಲ. "ಅಮಾಸಿ ದಿನಾ ಯಾರರ ಮಷೀನಿಗಿ ಕೈ ಹಚ್ಚತಾರೇನ್ರಿ?" ಎಂದು ಒಳಗಿನಿಂದಲೇ ಕೇಳುತ್ತಿದ್ದರು.

"ನಾ ಬುದ್ಧನ ಮನಿಯಾಂವ ವೈನಿ, ನನಗ ಅಮಾಸಿ ಇಲ್ಲ. ಖರೇ, ಗಂಜಕ್ಕ ಅದ," ಎಂದು ಕಾಕಾ ನಗುತ್ತಿದ್ದರು. ಎಳ್ಳಮಾವಾಸ್ಯೆಗೆ ಮಾತ್ರ ಕೆಲಸವನ್ನು ಬೆಳಿಗ್ಗೆಯೇ ಮುಗಿಸಿ ಚಿಂತಾಕಿಯ ಹೊಲಕ್ಕೆ ಹೋಗುವರು. ಪೂಜೆಗೆ ಕೂಡುತ್ತಿರಲಿಲ್ಲ, ಹಬ್ಬದೂಟದ ಭಜ್ಜಿಪಲ್ಯ ಬಿಡುತ್ತಿರಲಿಲ್ಲ. ಹೋಗುವಾಗ ನಕಲಿನ ಹಾರ್ಡ್‌ಡಿಸ್ಕು ಅವರ ಚೀಲದಲ್ಲಿರುತ್ತಿತ್ತು, ಅದನ್ನು ಅಲ್ಲೇ ಅಕ್ಕನ ಮನೆಯಲ್ಲಿಟ್ಟು ಬರುವರು.

"ಬಿತ್ತೋ ಬೀಜ, ತಿನ್ನೋ ಕಾಳು ಒಂದೇ ಕೋಣ್ಯಾಗ ಇಡಬಾರದು ಬೇಟಾ. ಬೆಂಕಿ ಬಿದ್ರ ತಿನ್ನೋದಷ್ಟೇ ಹೋಗಬೇಕು."

ನಾನು ತಲೆಯಾಡಿಸಿದೆ. ದಿನದ ನಕಲನ್ನು ಮಾತ್ರ ಅದೇ ಸರ್ವರಿನ ಅದೇ ಫೋಲ್ಡರಿನಲ್ಲಿ ಇಡುತ್ತಾ ಹೋದೆ. ಕೇಳಿದ್ದಕ್ಕೂ ಮಾಡಿದ್ದಕ್ಕೂ ಸಂಬಂಧವಿರಬೇಕೆಂದು ಎಲ್ಲಿದೆ?

ಹೋದ ವರ್ಷದ ಎಳ್ಳಮಾವಾಸ್ಯೆಯ ನಂತರ ಅವರಿಗೆ ದಮ್ಮು ಹೆಚ್ಚಾಯಿತು. ಮಗಳು ಬಂದು ಭಾಲ್ಕಿಗೆ ಕರೆದುಕೊಂಡು ಹೋದಳು. ಮುಂದಿನ ಅಮಾವಾಸ್ಯೆಯ ಕೆಲಸ ನಾನೊಬ್ಬಳೇ ಮಾಡಬೇಕಾಯಿತು. ಕ್ಯಾಲೆಂಡರು ನೋಡಿದೆ. ಅಮಾವಾಸ್ಯೆ ಅಂತ ಅಚ್ಚಾಗಿದ್ದ ಚೌಕದಲ್ಲಿ ಮಧ್ಯಾಹ್ನದಿಂದ ಪ್ರಾರಂಭ ಅಂತ ಸಣ್ಣಕ್ಷರದಲ್ಲಿತ್ತು. ಮಧ್ಯಾಹ್ನವೇ ಸರ್ವರಿಗೆ ಕೈಹಾಕಿದೆ. ಗಂಜದವರು ಹಿಡಿಯುವುದು ಸೂರ್ಯ ಹುಟ್ಟುವಾಗ ಇದ್ದ ತಿಥಿಯನ್ನು. ಅವರ ಅಮಾವಾಸ್ಯೆ ಮರುದಿನ. "ಕ್ಯಾಲೆಂಡರ್ ನೋಡಬ್ಯಾಡ, ಹಮಾಲರಿಗಿ ಕೇಳು. ಅವರು ಚೀಲ ಎತ್ತದಿದ್ದ ದಿನಾನೇ ಅಮಾಸಿ," ಎಂದು ಕಾಕಾ ಎಷ್ಟು ಸಲ ಹೇಳಿದ್ದರು. ನಾನು ಅವತ್ತು ಪುಟವನ್ನು ಮಲಗಿಸಿದಾಗ ಗಂಜದಲ್ಲಿ ತೊಗರಿಯ ಹರಾಜಿನ ಸವಾಲು ಭರದಿಂದ ನಡೆದಿತ್ತು.

ಫೋನು ಶುರುವಾಯಿತು. ಔರಾದದಿಂದ, ಭಾಲ್ಕಿಯಿಂದ, ಗಂಜದಿಂದ. ಅಪ್‌ಡೇಟು ಅರ್ಧದಲ್ಲಿ ನಿಂತಿತ್ತು, ಡಿಸ್ಕು ತುಂಬಿದೆ ಎನ್ನುತ್ತಿತ್ತು. ಒಂದು ಕೈಯಲ್ಲಿ ಬಡಿದುಕೊಳ್ಳುವ ಫೋನು, ಇನ್ನೊಂದು ಕೈಯಲ್ಲಿ ಜಾಗ ಖಾಲಿ ಮಾಡಲೆಂದು ಒಂದು ಸಾಲು ಬರೆದೆ. ಓದಲಿಲ್ಲ. ಒತ್ತಿಬಿಟ್ಟೆ. ಹಳೆಯ ಕಸ ಅಂದುಕೊಂಡು ಅಳಿಸಿದ ಫೋಲ್ಡರಿನಲ್ಲೇ ಆರು ವರ್ಷದ ಧಾರಣೆಯೂ ಇತ್ತು, ಅದರ ನಕಲೂ ಇತ್ತು.

ಬಾಡಿಗೆ ಕೊಟ್ಟವರ ಕಡೆಯ ನಕಲಿನ ಸೌಲಭ್ಯ ನಾವು ತೆಗೆದುಕೊಂಡಿರಲಿಲ್ಲ. ಮರುದಿನ ಗಂಜದ ಗುಮಾಸ್ತರು ಫೋನು ಮಾಡಿದರು. "ಸೇಠಜಿ ಅಂತಾರ್ರಿ ಮೇಡಂ, ನಾಳಿತನಾ ನೋಡ್ರಿ. ಆಗದಿದ್ರ ಬಿಟ್ಟುಬಿಡ್ರಿ. ವಾಟ್ಸಾಪದಾಗೇ ಹಾಕ್ತೇವಿ, ಯಾಕ ಹೈರಾಣ ಆಗ್ತೀರಿ." ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. ವಾಟ್ಸಾಪಿನಲ್ಲಿ ಇವತ್ತಿನ ಧಾರಣೆ ಬರುತ್ತದೆ. ಸಂಕ್ರಾಂತಿ ಕಳೆದ ಮೇಲೆ ತೊಗರಿ ಏರುತ್ತದೋ ಇಳಿಯುತ್ತದೋ ಎಂದು ನಾಲ್ಕು ವರ್ಷ ಹಿಂದಕ್ಕೆ ನೋಡಿ, ಈಗ ಮಾರುವುದೋ ತಡೆಯುವುದೋ ಎಂದು ಮನೆಯಲ್ಲೇ ಕೂತು ಯೋಚಿಸುವವರಿಗೆ ನಮ್ಮ ಪುಟ ಬಿಟ್ಟರೆ ಗತಿಯಿರಲಿಲ್ಲ. ಬಿಟ್ಟುಬಿಡೋಣ ಅಂತ ನನಗೂ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಅಷ್ಟು ದಣಿದಿದ್ದೆ. ಆದರೆ ಚಿಂತಾಕಿಯ ಡಿಸ್ಕು ನೆನಪಿತ್ತು. ಕಾಕಾಗೆ ಫೋನು ಮಾಡುವ ಧೈರ್ಯ ಬರಲಿಲ್ಲ. ಉಸಿರಿಗೇ ಕಷ್ಟಪಡುತ್ತಿರುವ ಮನುಷ್ಯನಿಗೆ ಯಾವ ಬಾಯಿಂದ ಹೇಳಲಿ?

ಔರಾದಕ್ಕೆ ಬಸ್ಸು, ಅಲ್ಲಿಂದ ಚಿಂತಾಕಿಗೆ ಟಂಟಂ ಆಟೋ. ಕಾಕಾನ ಅಕ್ಕ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಾ ಕೂತಿದ್ದರು. ಗೋಡೆಗುಂಟ ಹೊಲಿದಿಟ್ಟ ಚೀಲಗಳ ಸಾಲು. ಹೆಸರು ಹೇಳುವ ಮೊದಲೇ ಅವರು ಮೊರ ಕೆಳಗಿಟ್ಟು ಎದ್ದರು.

"ಡಬ್ಬಿಗಿ ಬಂದಿ ಏನವ್ವಾ? ನಿನ್ನಿಲಿಂದ ಪುಟ ತೆರೀವಲ್ದು ಅಂತ ಸೊಸಿ ಅಂತಾಳ. ಗಾಡಿಯಾಂವ ಮುಂಜಾನಿ ಬಂದಿದ್ದ. ನಾ ಅಂದೆ, ಪುಟ ತೆರೀಲಿ, ಆಮ್ಯಾಲ ಹೇರ್ತೇವಿ."

ಒಳಗೆ ಬಿತ್ತನೆಯ ತೊಗರಿ ತುಂಬಿಟ್ಟ ತಗಡಿನ ಪೀಪಾಯಿಯಲ್ಲಿ ಮೊಣಕೈತನಕ ಕೈ ಹಾಕಿ, ಬೇವಿನೆಲೆಗಳ ನಡುವಿನಿಂದ ಒಂದು ಸ್ಟೀಲು ಡಬ್ಬಿ ತೆಗೆದರು. ಅದರೊಳಗೆ ಕಾಕಾನ ಹಳೆಯ ಮಫ್ಲರಿನಲ್ಲಿ ಸುತ್ತಿದ ಡಿಸ್ಕು. ಬೀಜದ ಮಾತು ನಾನು ಗಾದೆ ಅಂದುಕೊಂಡಿದ್ದೆ. ಅವರು ಅಕ್ಷರಶಃ ಬೀಜದಲ್ಲೇ ಇಟ್ಟಿದ್ದರು. ನನಗೆ ಅಳು ಬಂತು. ಮುದುಕಿ ನೋಡಿಯೂ ನೋಡದವರಂತೆ ಒಲೆಯ ಕಡೆ ತಿರುಗಿದರು.

"ಕುಂಡ್ರು. ನಮ್ಮ ತಮ್ಮ ಹೇಳಿ ಹೋಗ್ಯಾನ, ಈ ಡಬ್ಬಿ ಕೇಳ್ಕೋತ ಯಾರರ ಬಂದ್ರ ಏನಾತು ಅಂತ ಕೇಳಬ್ಯಾಡ, ಮೊದಲ ಚಹಾ ಕೊಡು ಅಂತ."

ಮರುದಿನ ಬೆಳಿಗ್ಗೆ ಕದ ಹಾಕಿಕೊಂಡು, ಫೋನು ಅತ್ತೆಯ ಕೈಗೆ ಕೊಟ್ಟು ಕೂತೆ. ಪ್ರತಿ ಸಾಲನ್ನೂ ಕೈ ತೊಡೆಯ ಮೇಲಿಟ್ಟುಕೊಂಡು ಗಟ್ಟಿಯಾಗಿ ಓದಿದೆ. "ಯಾರ ಸಂಗಾಟ ಮಾತಾಡ್ಲಿಕತ್ತಿ?" ಎಂದು ಅತ್ತೆ ಒಳಗಿನಿಂದ ಕೇಳಿದರು. ಎಳ್ಳಮಾವಾಸ್ಯೆಯವರೆಗಿನದು ಡಿಸ್ಕಿನಿಂದ ಬಂತು, ಆಮೇಲಿನ ಒಂದು ತಿಂಗಳನ್ನು ಗುಮಾಸ್ತರ ಹಳೆಯ ಮೆಸೇಜುಗಳನ್ನು ನೋಡಿ ಕೈಯಾರೆ ತುಂಬಿದೆ. ಸಂಜೆಯ ಹೊತ್ತಿಗೆ ಪುಟ ತೆರೆಯಿತು.

ಭಾಲ್ಕಿಗೆ ಹೋಗಿ ಎಲ್ಲ ಹೇಳಿ ಬೈಸಿಕೊಂಡು ಬರಬೇಕು ಅಂದುಕೊಂಡೆ. ಇವತ್ತು ನಾಳೆ ಎಂದು ದಿನ ತಳ್ಳಿದೆ. ದಣಿವಿತ್ತು ನಿಜ, ನಾಚಿಕೆಯೂ ಇತ್ತು. ಪುಟ ತೆರೆದು ಒಂಬತ್ತನೆಯ ದಿನ ಬೆಳಿಗ್ಗೆ ಅವರು ಹೋದ ಸುದ್ದಿ ಬಂತು. ಆ ಎಂಟು ದಿನಗಳನ್ನು ನಾನು ನನಗೆ ಇನ್ನೂ ಮಾಫ್ ಮಾಡಿಕೊಂಡಿಲ್ಲ.

ತೀರಿಹೋದವರಿಗಾಗಿ ಮಾಡುವ ಪುಣ್ಯಾನುಮೋದನೆಯ ದಿನ ಭಾಲ್ಕಿಯಲ್ಲಿ, ಬುದ್ಧವಂದನೆ ಮುಗಿದು ಜನ ಊಟಕ್ಕೆ ಎದ್ದಾಗ, ಅವರ ಮಗಳು ಒಂದು ಉದ್ದ ರಿಜಿಸ್ಟರು ತಂದು ನನ್ನ ಕೈಗಿಟ್ಟಳು. "ಅಪ್ಪಂದು. ನಿಮಗ ಕೊಡು ಅಂದಿದ್ದರು."

ಎಕ್ಸ್‌ಚೇಂಜಿನ ಕಾಲದ ಅಭ್ಯಾಸ. ದಿನಾ ಹತ್ತು ಗಂಟೆಗೆ ಮಗಳ ಫೋನಿನಲ್ಲಿ ನಮ್ಮ ಪುಟ ತೆರೆದು ನೋಡಿ, ನಡುಗುವ ಅಕ್ಷರದಲ್ಲಿ ಒಂದು ಸಾಲು: ಚಾಲೂ ಅದ. ಮರುದಿನ, ಚಾಲೂ ಅದ. ಹೀಗೇ ಸಾಲಿಗೆ ಸಾಲು. ನಾನು ಅಳಿಸಿಕೊಂಡ ಮರುದಿನ: ಬಂದ್ ಅದ. ಆಕಿ ಅಮಾಸಿ ತಪ್ಪ್ಯಾಳ. ಅದರ ಮರುದಿನ: ಬಂದ್ ಅದ. ಫೋನ್ ಮಾಡ್ಲೇನು ಅಂದಳು ಮಗಳು. ಬ್ಯಾಡಂದೆ. ಡಬ್ಬಿ ಎಲ್ಲಿ ಅದ ಆಕಿಗಿ ಗೊತ್ತದ.

ಆಮೇಲೆ ಒಂದೇ ಒಂದು ಸಾಲು. ಅದೇ ದಿನದ್ದು, ಆದರೆ ಹತ್ತು ಗಂಟೆಯಲ್ಲ, ಸಂಜೆ ಆರು ಅಂತ ಬರೆದಿತ್ತು. ಚಾಲೂ ಅದ. ಹಳೇದೂ ಅದ. ಇನ್ನ ದಿನಾ ನೋಡೋ ಜರೂರತ್ ಇಲ್ಲ.

"ಮರುದಿನ ಫೋನ್ ಹಿಡಿದು ಹೋದೆರಿ, ಬ್ಯಾಡಂದ್ರು," ಎಂದಳು ಮಗಳು. "ಪೆನ್ ಸೈತ ಮುಟ್ಟಲಿಲ್ಲ."

ಈಗ ಪ್ರತಿ ತಿಂಗಳು ಗಂಜದ ಹಮಾಲರಿಗೆ ಫೋನು ಮಾಡಿ ಅಮಾವಾಸ್ಯೆ ಯಾವತ್ತು ಎಂದು ಕೇಳುತ್ತೇನೆ, ಅವರು ನಗುತ್ತಾರೆ. ಸಾಕಾಗಿದೆ ಅಂತ ಅನ್ನಿಸುವ ದಿನಗಳೇ ಹೆಚ್ಚು. ಆದರೂ ಹತ್ತು ಗಂಟೆಗೆ ಪುಟ ತೆರೆದು ನೋಡಿ ಅದೇ ರಿಜಿಸ್ಟರಿನಲ್ಲಿ ಬರೆಯುತ್ತೇನೆ. ಅವರು ಬದುಕಿದ್ದೂ ಬರೆಯದೆ ಬಿಟ್ಟ ಆ ಎಂಟು ಸಾಲುಗಳನ್ನು ಹಾಗೇ ಖಾಲಿ ಇಟ್ಟಿದ್ದೇನೆ. ನನ್ನ ಅಕ್ಷರ ಒಂಬತ್ತನೆಯ ಸಾಲಿನಿಂದ ಶುರುವಾಗುತ್ತದೆ.