ಕೆಂಪು ದಾರದ ಕಟ್ಟುಗಳು

ಮೊನ್ನೆ ಮೊಮ್ಮಗಳು ತನ್ನ ಹಸುಗೂಸನ್ನು ನನ್ನ ಮಡಿಲಿಗೆ ಹಾಕಿದಳು. ಸಂತೋಷಕ್ಕೆ ಏನು ಮಾಡಬೇಕೋ ತಿಳಿಯದೆ ಬಂದವರಿಗೆಲ್ಲ ಎರಡೆರಡು ಸಲ ಸಕ್ಕರೆ ಹಂಚಿದೆ. ಕೂಸು ಮಾತ್ರ ನನ್ನ ಸೀರೆಯ ಅಂಚು ಹಿಡಿದದ್ದು ಬಿಡಲೇ ಇಲ್ಲ. ಆ ಹಿಡಿತಕ್ಕೆ ನಮ್ಮ ಮಾವನವರು ನೆನಪಾಗಿ, ನಗುತ್ತಲೇ ಕಣ್ಣು ತುಂಬಿತು.

ಅರವತ್ತರ ದಶಕದ ಮಾತು. ಕೊಳ್ಳೇಗಾಲದ ನಮ್ಮ ಮನೆಯಲ್ಲಿ ಎರಡು ರೇಷ್ಮೆ ಮಗ್ಗ. ಅಂಚಿನಲ್ಲಿ ಯಾವ ಹೂವು, ಯಾವ ಹಕ್ಕಿ ಬರಬೇಕೆಂದು ಮಗ್ಗಕ್ಕೆ ಹೇಳುವುದು ತೂತು ಕೊರೆದ ರಟ್ಟುಗಳು. ಒಂದೊಂದು ಅಂಚಿಗೂ ಒಂದೊಂದು ಕಟ್ಟು, ಎಲ್ಲವೂ ಅಟ್ಟದ ಮೇಲೆ. ನಮ್ಮಲ್ಲಿ ಓದುಬರಹ ಕಡಿಮೆ, ದಾರದ ಬಣ್ಣವೇ ಗುರುತು. ಕೇಳುವವರಿಲ್ಲದ ಹಳೆಯ ಅಂಚಿಗೆ ಕೆಂಪು ದಾರ. ಇನ್ನೂ ನೇಯಬೇಕಾದದ್ದಕ್ಕೆ ಪೂಜೆ ಮಾಡಿ ಅರಿಸಿನ ದಾರ.

ಕಣ್ಣು ಪೂರಾ ಮಂಜಾಗುವ ಮುಂಚೆ ಮಾವನವರು ಕೊನೆಯದಾಗಿ ಕೊರೆದದ್ದು ಹಂಸದಂಚು. ಮಗಳ, ಅಂದರೆ ನನ್ನ ನಾದಿನಿಯ, ಧಾರೆ ಸೀರೆಗೆಂದು.

ಅಟ್ಟದಲ್ಲಿ ಇಲಿ ಸೇರಿಕೊಂಡವು. ಒಂದು ಬೆಳಿಗ್ಗೆ ನನ್ನ ಯಜಮಾನರು ಏಣಿ ಹಾಕಿದರು.

"ಕೆಂಪು ದಾರ್ದವೆಲ್ಲಾ ಇಳಿಸಿ ಒಲೆಗೆ ಆಕ್ಬುಡ್ತೀನಿ."

"ಒಂದೊಂದಾಗಿ ಬಿಚ್ಚಿ ನೋಡ್ಲಾ," ಎಂದರು ಮಾವನವರು ಜಗಲಿಯಿಂದ.

"ನೋಡ್ತಾ ಕುಂತ್ರೆ ಇಲಿ ಮರಿಗೆ ನಾಮಕರಣ ಮಾಡ್ಬೇಕಾಯ್ತದೆ ಕಣಪ್ಪಾ!"

ಎಲ್ಲರೂ ನಕ್ಕೆವು. ಮಾವನವರೂ ನಕ್ಕರು. ಬಚ್ಚಲೊಲೆಯಲ್ಲಿ ರಟ್ಟು ಧಗಧಗ ಉರಿಯಿತು.

ಮಧ್ಯಾಹ್ನ ನಾದಿನಿ ಅಟ್ಟ ಹತ್ತಿ ಕೇಳಿದಳು, "ಅಣ್ಣಾ, ನನ್ ಸೀರೆ ಕಟ್ಟೆಲ್ಲಿ?"

ಆಮೇಲೆ ತಿಳಿಯಿತು. ಪೂಜೆಯಾದ ಮೇಲೆ ಆ ಕಟ್ಟು ರೇಷ್ಮೆ ಬೇಯಿಸುವ ಹಂಡೆಯ ಪಕ್ಕದಲ್ಲಿತ್ತು. ಅಂಟು ಬಿಡಿಸುವ ಸೋಡಾ ನೀರು ಚಿಮ್ಮಿ ಅರಿಸಿನ ದಾರ ಕೆಂಪಗಾಗಿಬಿಟ್ಟಿತ್ತು.

ಒಲೆಬಾಯಲ್ಲಿ ಅರ್ಧ ಸುಟ್ಟ ಒಂದೇ ರಟ್ಟು ಉಳಿದಿತ್ತು. ಮಾವನವರು ಅದರ ತೂತುಗಳ ಮೇಲೆ ಬೆರಳಾಡಿಸಿದರು. "ಅಂಸದ ಕತ್ತು ಬರೋ ಜಾಗ ಕಣವ್ವಾ ಇದು," ಅಂದರು. ಮಗನಿಗೆ ಒಂದು ಮಾತೂ ಬೈಯಲಿಲ್ಲ. ಯಜಮಾನರು ಅಂದು ಊಟಕ್ಕೆ ಬರಲಿಲ್ಲ.

ಧಾರೆ ಮುಗಿಸಿ ನಾದಿನಿ ಬರಿಯ ಗೆರೆಯಂಚಿನ ಸೀರೆಯುಟ್ಟು ಯಳಂದೂರಿನ ಗಂಡನ ಮನೆಗೆ ಹೊರಟಳು. ಗಾಡಿ ಹತ್ತುವಾಗ ಮಾವನವರು ಅವಳ ಸೆರಗಿನಂಚು ಹಿಡಿದು ಉದ್ದಕ್ಕೂ ತಡವಿದರು. ಬೆರಳಿಗೆ ಎಲ್ಲೂ ಏನೂ ಸಿಗಲಿಲ್ಲ.

"ಬುಡಪ್ಪಾ, ಗಾಡಿ ಒಂಟದೆ."

ಅವರು ಬಿಡಲಿಲ್ಲ. ಕೊನೆಗೆ ಅವಳೇ ಒಂದೊಂದಾಗಿ ಬೆರಳು ಬಿಡಿಸಿದಳು.

ಕೂಸಿನ ಬೆರಳನ್ನು ನಾನು ಬಿಡಿಸಲಿಲ್ಲ. ಎಷ್ಟು ಹೊತ್ತು ಬೇಕೋ ಹಿಡಿದುಕೊಂಡಿರಲಿ ಎಂದು ಹಾಗೇ ಕುಳಿತಿದ್ದೆ.